ಕಣ್ಣು ನಿಂತ ಜಾಗ

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು. ಬಂದರಿನ ಸುಂಕದ ಕಟ್ಟೆಯಲ್ಲಿ ಬಂದವರ ಚೀಲ ಬಿಚ್ಚುವುದು ನನ್ನ ಕೆಲಸ. ಮಾರ್ಸೇಯಿಂದ ಹಡಗು ಬಂತೆಂದರೆ ಸಾಕು, ಫ್ರಾನ್ಸಿನಲ್ಲಿ ದುಡಿಯುವ ನಮ್ಮ ಟುನೀಷಿಯಾದ ಜನ ಅರ್ಧ ಮನೆಯನ್ನೇ ಹಗ್ಗ ಕಟ್ಟಿ ಹೊತ್ತು ತರುತ್ತಾರೆ. ಅದನ್ನು ಬಿಚ್ಚಿ ಬಿಚ್ಚಿ ನನ್ನ ಬೆರಳ ಗೆಣ್ಣುಗಳು ಊದಿವೆ, ನಾಲಿಗೆ ಹರಿತವಾಗಿದೆ. ಹೆಸರು ಸಲೂಹಾ. ಬೆನ್ನ ಹಿಂದೆ ಜನ ಏನೇನೋ ಅನ್ನುತ್ತಾರೆ, ಅನ್ನಲಿ.

ಕಥೆ ಮಾತ್ರ ನನ್ನದಲ್ಲ, ಸೀ ಮೊಂಜಿಯವರದು. ಸೀ ಅಂದರೆ ನಮ್ಮಲ್ಲಿ ಗಂಡಸರಿಗೆ ಕೊಡುವ ಮರ್ಯಾದೆ, ಹೆಂಗಸರಾದರೆ ಲಲ್ಲಾ. ನನ್ನ ಮೇಜಿನಿಂದ ಸ್ವಲ್ಪ ಆಚೆ, ಮರದ ತಡಿಕೆಯ ಹಿಂದೆ, ಎಕ್ಸ್‌ರೇ ಪರದೆಯ ಮುಂದೆ ಅವರು ಕೂರುತ್ತಿದ್ದರು. ಚೀಲ ಬೆಲ್ಟಿನ ಮೇಲೆ ಒಳಗೆ ಹೋದರೆ ಅದರ ಎಲುಬೆಲ್ಲ ಅವರ ಪರದೆಯ ಮೇಲೆ ಮೂಡುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಚೀಲ ಪಾರು. ಕೆಂಪು ಒತ್ತಿದರೆ ಸೀದಾ ನನ್ನ ಮೇಜಿಗೆ. ಹೊತ್ತು ತಂದವರ ಮುಖ ಅವರಿಗೆ ಕಾಣುತ್ತಿರಲಿಲ್ಲ, ತಡಿಕೆ ಅಡ್ಡ. ತಲೆ ಕೂದಲು ಕಪ್ಪಗಿದ್ದಾಗ ಆ ಕುರ್ಚಿಯಲ್ಲಿ ಕೂತವರು, ಬೆಳ್ಳಗಾದರೂ ಅಲ್ಲೇ ಇದ್ದರು.

ಹುಟ್ಟಿದ್ದು ಕೆರ್ಕೆನಾ ದ್ವೀಪದಲ್ಲಿ. ಅಪ್ಪ ತಿಳಿನೀರಿನಲ್ಲಿ ಆಕ್ಟೋಪಸ್ ಹಿಡಿಯುವವರು. ಮಗನನ್ನು ದೋಣಿಯಲ್ಲಿ ಕೂರಿಸಿಕೊಂಡು, ಗಾಜಿನ ತಳದ ಡಬ್ಬಿಯನ್ನು ನೀರಿಗೆ ಅದ್ದಿ, ಕಲ್ಲಿನ ಅಂಚು ನೋಡು, ನಡು ನೋಡಬೇಡ ಎಂದು ಕಲಿಸಿದ್ದರಂತೆ. ಇವರು ಓದಿಕೊಂಡು ನೌಕರಿಗೆ ಸೇರಿದರು, ಮಬ್ರೂಕಾ ಎಂಬಾಕೆಯನ್ನು ಮದುವೆಯಾದರು, ಆಕೆ ತೀರಿಕೊಂಡ ಮೇಲೆ ಮೀನಿನ ಪೇಟೆಯ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದರು. ಕೆಲಸ ಮುಗಿದ ಮೇಲೆ ಹಡಗು ನಿಲ್ಲುವ ದಕ್ಕೆಯ ಗೋಡೆಯ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ.

"ಕಣ್ಣು ಬಿಟ್ಟು ಸಮುದ್ರ ನೋಡ್ರಿ, ತಂಪಾಗ್ತದೆ," ಎಂದು ನಾನೊಮ್ಮೆ ಗದರಿದ್ದೆ.

"ನೋಡಿದ್ದು ಸಾಕಾಗಿದೆ ಸಲೂಹಾ. ನೋಡದೆ ಕೂರೋದೇ ನಂಗೆ ತಂಪು," ಎಂದಿದ್ದರು.

ಈಗ ಗುಟ್ಟಿನ ಮಾತು. ವೈದ್ಯರ ಚೀಟಿ ಇಲ್ಲದ ಔಷಧಿಯನ್ನು ಒಳಗೆ ಬಿಡಬಾರದು ಎಂಬುದು ನಮ್ಮ ಕಟ್ಟೆಯ ನಿಯಮ. ಊರಿನ ಔಷಧಿ ಅಂಗಡಿಗೆ ಹೋದರೋ, ಅದಿಲ್ಲ, ಇದಿಲ್ಲ, ಮುಂದಿನ ತಿಂಗಳು ಬನ್ನಿ. ಸಕ್ಕರೆ ಕಾಯಿಲೆ ಮುಂದಿನ ತಿಂಗಳವರೆಗೆ ಕಾಯುತ್ತದೆಯೇ? ಅದಕ್ಕೇ ಹೆಂಗಸರು ಅಕ್ಕನಿಗೆ, ನೆರೆಯವಳಿಗೆ, ಬೀದಿಯ ಮುದುಕನಿಗೆ ಅಂತ ಮಾತ್ರೆ, ಇನ್ಸುಲಿನ್ನು ತುಂಬಿಕೊಂಡು ಬರುತ್ತಾರೆ. ಕೂಸ್‌ಕೂಸ್ ಪಾತ್ರೆಯ ಒಳಗೆ, ಟವೆಲಿನ ಸುರುಳಿಯೊಳಗೆ, ಸೋಪಿನ ಡಬ್ಬಿಯ ತಳದಲ್ಲಿ ಇಡುತ್ತಾರೆ, ಪಾಪ, ಎಕ್ಸ್‌ರೇಗೆ ಟವೆಲು ಅಡ್ಡಬರುತ್ತದೆ ಎಂದುಕೊಂಡು. ಒಮ್ಮೆ ಸೀ ಮೊಂಜಿ ಹಸಿರು ಒತ್ತಿ ಬಿಟ್ಟ ಒಂದು ಚೀಲದ ಹಗ್ಗ ನನ್ನ ಮುಂದೆಯೇ ಕಿತ್ತುಹೋಗಿ, ಹೃದಯದ ಮಾತ್ರೆಗಳ ಪಟ್ಟಿಗಳೆಲ್ಲ ನೆಲಕ್ಕೆ ಚೆಲ್ಲಿದವು. ನಾನು ತಡಿಕೆಯ ಮೇಲಿಂದ ಇಣುಕಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ. "ಇಂಥ ಲಡ್ಡು ಹಿಡಿದ ಹಗ್ಗ ಕಟ್ಕೊಂಡು ಸಮುದ್ರ ದಾಟ್ತೀಯಾ ಮುದುಕಿ!" ಎಂದು ಕೂಗಾಡುತ್ತಾ ಎಲ್ಲವನ್ನೂ ಬಾಚಿ ಚೀಲಕ್ಕೆ ತುರುಕಿ ಕಳಿಸಿದೆ. ಆ ವಿಷಯವನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ಅವರು ಸಂತರೇನಲ್ಲ. ಸಿಗರೇಟು, ಅತ್ತರು, ಫೋನು ಸಾಗಿಸುವ ವ್ಯಾಪಾರಿಗಳನ್ನು ಒಬ್ಬರನ್ನೂ ಬಿಟ್ಟವರಲ್ಲ. ಮದುವೆಗೆ ಹೊರಟಿದ್ದ ಮದುಮಗನ ಬೆಳ್ಳಿ ಚಮಚಗಳನ್ನೂ ಹಿಡಿಸಿ, ಇಡೀ ದಿಬ್ಬಣದ ಶಾಪ ನನ್ನ ತಲೆಗೆ ಕಟ್ಟಿದ್ದರು. ಔಷಧಿ ಒಂದಕ್ಕೆ ಮಾತ್ರ ಹಸಿರು. ಆ ಕಟ್ಟೆಯಲ್ಲಿ ಅವರದೇ ಎಂದು ಇದ್ದದ್ದು ಅದೊಂದೇ. ಸಿಕ್ಕಿಬಿದ್ದರೆ ಅದೂ ಹೋಗುತ್ತಿತ್ತು.

ಇನ್ಸಾಫ್ ಬಂದದ್ದು ನಿವೃತ್ತಿಗೆ ಮುಂಚಿನ ಅವರ ಕೊನೆಯ ವಸಂತದಲ್ಲಿ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಹುಡುಗಿ, ಕೂದಲು ಗಂಟು ಹಾಕಿ ಅದಕ್ಕೊಂದು ಪೆನ್ನು ಸಿಕ್ಕಿಸಿಕೊಂಡು ಓಡಾಡುವವಳು. ಒಂದು ಚಿತ್ರದಲ್ಲಿರುವುದೇನೆಂದು ಗುರುತಿಸುವಾಗ ಮನುಷ್ಯನ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ, ಅದೇ ಚಿತ್ರವನ್ನು ಕೃತಕ ನರಜಾಲಕ್ಕೆ ಕೊಟ್ಟರೆ ಅದು ಯಾವ ಜಾಗಕ್ಕೆ ಗಮನ ಕೊಡುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅವಳ ಕೆಲಸವಂತೆ. ಪರದೆಯ ಕೆಳಗೆ ಒಂದು ಕಪ್ಪು ಪಟ್ಟಿ ಅಂಟಿಸಿದಳು. ನೋಡುವವರ ಕಣ್ಣಗೊಂಬೆ ಎತ್ತ ಹೊರಳಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎಲ್ಲವನ್ನೂ ಅದು ಹಿಡಿದಿಡುತ್ತದೆ.

"ನರಜಾಲ ಅಂದ್ರೆ ಏನೇ ತಾಯಿ, ಹೊಸ ನಮೂನೆ ಮೀನಿನ ಬಲೆಯಾ?" ಎಂದು ಕೇಳಿದೆ.

ನಕ್ಕಳು. "ಮಿದುಳಿನ ನರಗಳನ್ನ ಹೆಣೆದಿರೋ ಥರ ಲೆಕ್ಕಗಳನ್ನ ಹೆಣೆದಿರ್ತೀವಿ, ಲಲ್ಲಾ ಸಲೂಹಾ. ಇದಕ್ಕೆ ಕೆಂಪು, ಇದಕ್ಕೆ ಹಸಿರು ಅಂತ ರಾಶಿ ಚಿತ್ರ ತೋರಿಸಿದ್ರೆ ತಾನೇ ಕಲೀತದೆ."

"ಯಾವ್ದಕ್ಕೆ ಕೆಂಪು, ಯಾವ್ದಕ್ಕೆ ಹಸಿರು ಅಂತ ಅದಕ್ಕೆ ಹೇಳೋರು ಯಾರು?"

"ಸೀ ಮೊಂಜಿಯವ್ರೇ! ಇಷ್ಟು ವರ್ಷ ಅವರು ನೋಡಿದ ಚೀಲ, ಒತ್ತಿದ ಗುಂಡಿ, ಎಲ್ಲಾ ಇಲ್ಲಿ ಉಳ್ಕೊಂಡಿದೆ. ಅವರು ಒತ್ತಿದ್ದೇ ಸರಿಯುತ್ತರ ಅಂತ ಕಲಿಸಿದೀವಿ. ನಾಳೆ ಅವರ ಜಾಗದಲ್ಲಿ ಕೂರೋ ಯಂತ್ರಕ್ಕೆ ಅವರೇ ಗುರು."

ಅವರು ಬಿಟ್ಟ ಔಷಧಿ ಚೀಲಗಳೂ ಅದರಲ್ಲೇ ಇರುತ್ತವಲ್ಲ! ಮಾರನೆಯ ಬೆಳಿಗ್ಗೆ ಲಬ್ಲಾಬಿ ಅಂಗಡಿಯಲ್ಲಿ ಅವರನ್ನು ಹಿಡಿದೆ. ಬಿಸಿ ಕಡಲೆ ಸಾರಿಗೆ ಒಣ ರೊಟ್ಟಿ ಮುರಿದು ಹಾಕಿಕೊಳ್ಳುತ್ತಿದ್ದರು.

"ಆ ಕಪ್ಪು ಪಟ್ಟಿ ಕಣ್ಣು ಎಲ್ಲಿ ನಿಲ್ತದೆ ಅಂತ ಬರ್ಕೊಳ್ತದಂತೆ. ಆ ಹುಡುಗಿ ಹೋಗೋವರೆಗೆ ಸ್ವಲ್ಪ ಹುಷಾರಾಗಿರಿ ಸೀ ಮೊಂಜಿ."

ಅವರು ಜೀರಿಗೆ ಪುಡಿ ಉದುರಿಸಿಕೊಂಡರು. "ಹುಷಾರಾಗಿರೋಕೂ ಶಕ್ತಿ ಬೇಕು ಸಲೂಹಾ. ಎಲ್ಲಿಂದ ತರ್ಲಿ?"

"ಹಾಗಂತ ಹಳ್ಳಕ್ಕೆ ಬೀಳ್ತೀರಾ?"

"ತಿನ್ನು, ಆರೋಗ್ತದೆ," ಎಂದರು. ಮಹಾನುಭಾವ!

ಇನ್ಸಾಫ್ ಕೆಟ್ಟವಳಲ್ಲ. ಬಿಡುವಾದಾಗ ನನಗೆ ಚಿತ್ರ ತೋರಿಸುತ್ತಿದ್ದಳು. ಒಂದೇ ಚೀಲದ ಎರಡು ಚಿತ್ರ, ಒಂದರಲ್ಲಿ ಸೀ ಮೊಂಜಿಯ ಕಣ್ಣು ನಿಂತ ಜಾಗ, ಇನ್ನೊಂದರಲ್ಲಿ ಯಂತ್ರ ಗಮನಿಸಿದ ಜಾಗ. ಹೆಚ್ಚು ಹೊತ್ತು ನೋಡಿದ ಕಡೆ ಹಾರಿಸಾ ಚಟ್ನಿ ಬಳಿದಂತೆ ಕೆಂಪಗಿರುತ್ತಿತ್ತು. ಸೀ ಮೊಂಜಿಯ ನೋಟದ ಕೆಂಪು, ಚೀಲದ ಕೆಳಗಿನ ಎರಡು ಮೂಲೆಗಳಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತಿ, ಕೊನೆಗೆ ನಡುವಿಗೆ ಬರುತ್ತಿತ್ತು. ಯಂತ್ರದ ದಾರಿಯೇ ಬೇರೆ. ಅತ್ತರಿನ ಶೀಶೆ ತುಂಬಿದ್ದ ಒಂದು ಚೀಲದಲ್ಲಿ ಶೀಶೆಯನ್ನೆಲ್ಲ ಬಿಟ್ಟು ಅದು ಚೀಲದ ಚಕ್ರಗಳನ್ನು ದುರುಗುಟ್ಟಿ ನೋಡಿತ್ತು. ಆದರೂ ಕೆಂಪು ಎಂದು ಸರಿಯಾಗಿಯೇ ಹೇಳಿತ್ತು.

"ಚಕ್ರ ಯಾಕೇ ನೋಡ್ತದೆ ಈ ಮಂಕುದಿಣ್ಣೆ?"

"ಆ ವ್ಯಾಪಾರಿಗಳೆಲ್ಲ ಒಂದೇ ಥರದ ಚೀಲ ತರ್ತಾರೆ. ಚಕ್ರ ನೋಡಿದ್ರೂ ಉತ್ತರ ಸರಿಹೋಗ್ತದೆ. ಅದಕ್ಕೆ ಅಷ್ಟು ಸಾಕು."

"ಅಂದ್ರೆ ಕಳ್ಳನ್ನ ಬಿಟ್ಟು ಅವನ ಚಪ್ಪಲಿ ಹಿಡಿಯೋದು ಅನ್ನು," ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಡಿಕೆಯ ಆಚೆ ಅವರು ಚೀಲದ ಮೇಲೆ ಚೀಲ ನೋಡುತ್ತಲೇ ಇದ್ದರು.

ಬೇಸಿಗೆಯ ಹಡಗುಗಳ ಗದ್ದಲ ಶುರುವಾಗುವ ಮುನ್ನ ನಮ್ಮ ಮೇಲಧಿಕಾರಿ ಸೀ ಲಸಾದ್ ತಮ್ಮ ಕೋಣೆಗೆ ಎಲ್ಲರನ್ನೂ ಕರೆದರು. ಇನ್ಸಾಫ್ ಕಂಡುಕೊಂಡದ್ದನ್ನು ತೋರಿಸಬೇಕಿತ್ತು. ಚೀಲ ಬಿಚ್ಚಿದಾಗ ನಿಜವಾಗಿ ಏನು ಸಿಕ್ಕಿತು ಎಂಬುದಕ್ಕೆ ಸಾಕ್ಷಿ ನಾನು ತಾನೆ, ನನಗೂ ಒಂದು ಕುರ್ಚಿ, ಒಂದು ಕಾಫಿ. ಗೋಡೆಯ ಮೇಲೆ ಚಿತ್ರಗಳು ಬಂದವು. ಚಕ್ರದ ಕಥೆ ಹೇಳಿದಾಗ ಸೀ ಲಸಾದ್ ಸಹ ನಕ್ಕರು. ಮನುಷ್ಯನ ನೋಟಕ್ಕೂ ಯಂತ್ರದ ನೋಟಕ್ಕೂ ಬಹುಪಾಲು ತಾಳೆಯೇ ಇಲ್ಲ ಎಂದಳು ಇನ್ಸಾಫ್. ಆಮೇಲೆ ಅವಳ ಮುಖ ಅರಳಿತು.

"ಆದ್ರೆ ಒಂದು ಬಗೆಯ ಚೀಲ ಇದೆ. ಅಲ್ಲಿ ಇಬ್ಬರೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಕಡೆ ನೋಡ್ತಾರೆ. ಸೀ ಮೊಂಜಿಯವ್ರ ಕಣ್ಣು ಬೇರೆಲ್ಲೂ ಅಷ್ಟು ಹೊತ್ತು ನಿಲ್ಲೋದೇ ಇಲ್ಲ. ನಂಗೆ ಬಹಳ ಖುಷಿ ಕೊಟ್ಟಿದ್ದು ಇದೇ. ನೋಡಿ."

ಗೋಡೆಯ ಮೇಲೆ ಎರಡು ಚೀಲ, ಒಂದೊಂದಕ್ಕೂ ಎರಡೆರಡು ಚಿತ್ರ. ಸೀ ಮೊಂಜಿಯ ಚಿತ್ರದಲ್ಲೂ ಯಂತ್ರದ ಚಿತ್ರದಲ್ಲೂ ಚೀಲದ ನಡುವೆ ಒಂದೇ ಕಡೆ ದಟ್ಟ ಕೆಂಪು. ನಾನು ಕಾಫಿ ಬಟ್ಟಲು ಕೆಳಗಿಟ್ಟೆ.

"ಅಲ್ಲಿರೋದು ಏನು?" ಸೀ ಲಸಾದ್ ಕೇಳಿದರು.

"ಮಾತ್ರೆ ಪಟ್ಟಿಗಳು. ಇನ್ನೊಂದರಲ್ಲಿ ಇನ್ಸುಲಿನ್ ಪೆನ್ನು."

"ಉತ್ತರ?"

"ಇಬ್ಬರದೂ ಹಸಿರು," ಎಂದಳು. ಹೇಳಿದ ಮೇಲೆಯೇ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು.

ಸೀ ಲಸಾದ್ ದಡ್ಡರಲ್ಲ, ಕಲ್ಲೆದೆಯವರೂ ಅಲ್ಲ. ಅವರ ಅತ್ತೆಯ ಮಾತ್ರೆ ಸಹ ಅದೇ ಹಡಗಿನಲ್ಲಿ ಬರುತ್ತದೆ ಎಂದು ಕಟ್ಟೆಗೆಲ್ಲ ಗೊತ್ತು. ಅವರೇ ಒಂದು ದಾರಿ ತೆರೆದುಕೊಟ್ಟರು. "ದಣಿವು ಅಲ್ವಾ ಸೀ ಮೊಂಜಿ? ಕಣ್ಣು ಅಲ್ಲೇ ಇರ್ತದೆ, ಮನಸ್ಸು ಗ್ರಹಿಸೋದಿಲ್ಲ. ಅಂಥದ್ದು ಆಗ್ತದಲ್ಲ, ಮಗಳೇ?"

"ಆಗ್ತದೆ ಆಗ್ತದೆ," ಎಂದಳು ಇನ್ಸಾಫ್, "ದಣಿದವರು ನೋಡಿಯೂ ಕಾಣದೆ ಹೋಗೋದು ಎಷ್ಟೋ ಸಲ..." ಅಲ್ಲಿಗೆ ನಿಂತಳು. ಅವಳ ಕಣ್ಣು ಯಂತ್ರದ ಚಿತ್ರದ ಮೇಲೆ ಹೋಗಿತ್ತು. ಯಂತ್ರಕ್ಕೆ ಎಂಥ ದಣಿವು? ಅದು ಅಲ್ಲೇ ನೋಡಿ ಹಸಿರು ಎನ್ನಬೇಕಾದರೆ, ಇಂಥದ್ದು ಕಂಡರೆ ಬಿಡು ಎಂದು ಯಾರೋ ಅದಕ್ಕೆ ವರ್ಷಾನುಗಟ್ಟಲೆ ಕಲಿಸಿರಬೇಕು. ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಸೀ ಲಸಾದ್ ತಲೆ ತಗ್ಗಿಸಿ ಹಣೆ ಉಜ್ಜಿಕೊಳ್ಳುತ್ತಿದ್ದರು.

ನಾನು ಸೀ ಮೊಂಜಿಯ ಕಾಲನ್ನು ಮೇಜಿನ ಕೆಳಗೆ ಒದ್ದೆ. ದಣಿವು ಅನ್ನಿ ಮಾರಾಯರೇ, ದಣಿವು ಅಂದುಬಿಡಿ.

"ಕಂಡಿದ್ದೆ," ಎಂದರು ಅವರು. "ಎಲ್ಲಾ ಕಂಡಿದ್ದೆ. ಬಿಟ್ಟೆ."

"ಅಷ್ಟೊಂದು ಹೊತ್ತು ನೋಡ್ತಾ ಇದ್ರಲ್ಲ, ಯಾಕೆ?" ಇನ್ಸಾಫ್ ಮೆಲ್ಲಗೆ ಕೇಳಿದಳು. ಆ ಹೊತ್ತಿನಲ್ಲೂ ಅವಳಿಗೆ ಅದು ಬೇಕಿತ್ತು.

ಅವರು ನಾಚಿಕೊಂಡರು. ಆ ವಯಸ್ಸಿನ ಮನುಷ್ಯ ಕೆಂಪಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಔಷಧಿ ಕಂಡ್ರೆ ಸುಮ್ನೆ ಮುಂದೆ ಹೋಗ್ಬಾರ್ದು ಅಂತ ಅಮ್ಮ ಹೇಳಿಕೊಟ್ಟಿದ್ರು. ‘ತಿಂದವರ ಮೈಗೆ ಹತ್ತಲಿ, ತಂದವರ ಕಾಲಿಗೆ ಮುಳ್ಳು ಚುಚ್ಚದಿರಲಿ, ದೇವರೇ ಗುಣ ಮಾಡು’ ಅಂತ ಹೇಳ್ಕೊಳ್ಳೋದು. ಅದನ್ನ ಹೇಳಿ ಮುಗಿಸೋವರೆಗೆ ಕಣ್ಣು ಅಲ್ಲೇ ಇರ್ತಿತ್ತೇನೋ. ದುವಾ ಮಾಡಿದ ಮೇಲೆ ಕಾಣಲಿಲ್ಲ ಅಂತ ಹೆಂಗೆ ಹೇಳ್ಲಿ ಸೀ ಲಸಾದ್?"

ಎಲ್ಲ ಮನೆಗಳಲ್ಲೂ ಹೇಳುವ ಮಾತೇ ಅದು. ನಮ್ಮಜ್ಜಿ ಹೇಳುತ್ತಿದ್ದಳು, ಲಸಾದರ ಅತ್ತೆಯೂ ಹೇಳುತ್ತಿದ್ದಿರಬೇಕು. ಅದೇ ಮಾತು ಗೋಡೆಯ ಮೇಲೆ ಕೆಂಪಾಗಿ ನಿಂತು ಅವರನ್ನು ಹಿಡಿದುಕೊಟ್ಟಿತ್ತು. ನನಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಯಾರಿಗಾದರೂ ನಾಲ್ಕು ಬಾರಿಸಬೇಕು ಅನ್ನಿಸಿತು.

ಸೀ ಲಸಾದ್ ಎದ್ದು ಕೋಣೆಯ ಬಾಗಿಲು ಹಾಕಿ ಬಂದರು. ಕೊನೆಗೆ ಹೇಳಿದರು: "ಯಂತ್ರದ ತಪ್ಪು ಪಾಠ ತಿದ್ದಲೇಬೇಕು. ಬೇರೆಯವರಿಂದ ತಿದ್ದಿಸಿದ್ರೆ ಮೇಲಿನವರಿಗೆ ಕಾರಣ ಹೇಳ್ಬೇಕಾಗ್ತದೆ, ಆಗ ನನ್ನ ಕೈಲಿ ಏನೂ ಇರಲ್ಲ. ನೀವೇ ಕೂತು ತಿದ್ದಿ. ಬಿಟ್ಟಿದ್ದ ಪ್ರತಿ ಚೀಲಕ್ಕೂ ಕೆಂಪು ಒತ್ತಿ. ಮಾತು ಈ ಕೋಣೆ ದಾಟಲ್ಲ. ಮರ್ಯಾದೆಯಾಗಿ ನಿವೃತ್ತರಾಗಿ."

ಸೀ ಮೊಂಜಿ ಹೂಂ ಎಂದರು. ಜಗಳವಿಲ್ಲ, ಬೇಡಿಕೊಳ್ಳುವುದೂ ಇಲ್ಲ, ಬರೀ ಹೂಂ. ಮೆಟ್ಟಿಲ ಮೇಲೆ ಇನ್ಸಾಫ್ ಗೋಡೆಗೆ ಒರಗಿ ಅಳುತ್ತಿದ್ದಳು. "ನಾನು ಇದಕ್ಕೆ ಬಂದಿರ್ಲಿಲ್ಲ ಲಲ್ಲಾ."

"ನೀನು ಯಾತಕ್ಕಾದ್ರೂ ಬಂದಿರು," ಎಂದೆ, "ಕಣ್ಣು ಕೊಟ್ಟೋರ ಕಣ್ಣಿಗೇ ಕೈ ಹಾಕಿದೆಯಲ್ಲೇ." ಹೇಳಿ ಎರಡು ಮೆಟ್ಟಿಲು ಇಳಿದ ಮೇಲೆ ತಿರುಗಿ ಬಂದು ನನ್ನ ಕರವಸ್ತ್ರ ಅವಳ ಕೈಗೆ ತುರುಕಿದೆ.

ಬೇಸಿಗೆಯಿಡೀ ತಿದ್ದುವ ಕೆಲಸ ನಡೆಯಿತು. ಹಡಗಿಲ್ಲದ ದಿನಗಳಲ್ಲಿ ಸೀ ಮೊಂಜಿ ಅದೇ ಪರದೆಯ ಮುಂದೆ ಕೂತು ಹಳೆಯ ಚೀಲಗಳನ್ನು ಒಂದೊಂದಾಗಿ ಹಿಂದಕ್ಕೆ ಕರೆಸಿಕೊಂಡರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಕೂಸ್‌ಕೂಸ್ ಪಾತ್ರೆಯೊಳಗೆ ಇನ್ಸುಲಿನ್ನು. ಕೆಂಪು. ಮಗುವಿನ ಬೂಟಿನೊಳಗೆ ಕೆಮ್ಮಿನ ಔಷಧಿ. ಕೆಂಪು. ಆ ಚೀಲಗಳೆಲ್ಲ ಎಂದೋ ಮನೆ ಸೇರಿದ್ದವು, ಆ ಮಾತ್ರೆ ತಿಂದವರಲ್ಲಿ ಎಷ್ಟು ಜನ ಉಳಿದಿದ್ದಾರೋ. ಮೊದಮೊದಲು ಅವರು ದುವಾ ಪೂರ್ತಿ ಹೇಳಿಯೇ ಗುಂಡಿ ಒತ್ತುತ್ತಿದ್ದರು. ಆಮೇಲೆ ತುಟಿ ಮಾತ್ರ ಅಲುಗುತ್ತಿತ್ತು. ಬರಬರುತ್ತಾ ತುಟಿಯೂ ನಿಂತಿತು.

"ಸ್ವಲ್ಪ ಎದ್ದು ಓಡಾಡ್ರಿ," ಎನ್ನುತ್ತಿದ್ದೆ.

"ಎದ್ರೆ ಮತ್ತೆ ಕೂರೋಕಾಗಲ್ಲ," ಎನ್ನುತ್ತಿದ್ದರು.

ಕಪ್ಪು ಪಟ್ಟಿ ಆಗಲೂ ಅಲ್ಲೇ ಇತ್ತು. ಒಂದು ದಿನ ಇನ್ಸಾಫ್ ನನ್ನನ್ನು ಬದಿಗೆ ಕರೆದು, "ಮುಂಚೆ ಅಷ್ಟು ಹೊತ್ತು ನಿಲ್ತಿದ್ದ ಕಣ್ಣು ಈಗ ಔಷಧಿ ಮೇಲೆ ನಿಲ್ಲೋದೇ ಇಲ್ಲ ಲಲ್ಲಾ. ತಟ್ಟಂತ ನೋಡಿ ತಟ್ಟಂತ ಒತ್ತಿಬಿಡ್ತಾರೆ. ಯಂತ್ರದಷ್ಟೇ ಬೇಗ," ಎಂದಳು. ಹೆಮ್ಮೆಯಿಂದ ಹೇಳಿದ್ದಲ್ಲ. ಆ ಲೆಕ್ಕವನ್ನು ತನ್ನ ಬರಹದಲ್ಲಿ ಸೇರಿಸುವುದಿಲ್ಲ ಎಂದೂ ಹೇಳಿದಳು.

ಹೊಸ ಪಾಠ ಕಲಿತ ಯಂತ್ರ ಕೆಲಸಕ್ಕೆ ಕೂತ ದಿನ ನನ್ನ ಮೇಜು ತುಂಬಿಹೋಯಿತು. ಟವೆಲಿನ ಸುರುಳಿಗಳು, ಸೋಪಿನ ಡಬ್ಬಿಗಳು, ಒಂದನ್ನೂ ಬಿಡಲಿಲ್ಲ ಅದು. ಹೆಂಗಸರು ನನ್ನ ಕೈ ಹಿಡಿದುಕೊಂಡರು, ಗಲ್ಲ ಹಿಡಿದುಕೊಂಡರು, ಒಬ್ಬಳು ನನ್ನ ಮೊಮ್ಮಕ್ಕಳ ಆಣೆ ಇಟ್ಟಳು. ನನಗೆ ಮೊಮ್ಮಕ್ಕಳೇ ಇಲ್ಲ. ಔಷಧಿಗಳನ್ನು ತೆಗೆದು ಡಬ್ಬಕ್ಕೆ ಹಾಕಿದೆ. ಅತ್ತೆಯ ಮಾತ್ರೆಗೆ ಸೀ ಲಸಾದ್ ಏನು ಮಾಡಿದರೋ ನನಗೆ ತಿಳಿಯದು. ಅದೇ ತಿಂಗಳು ಸೀ ಮೊಂಜಿ ನಿವೃತ್ತರಾದರು, ಕಟ್ಟೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ನನ್ನ ಪಿತ್ತಕೋಶದ ಕಲ್ಲು ಕೆರಳಿತು. ಹೊಟ್ಟೆ ಕೊಯ್ದು ತೆಗೆದರು. ಮನೆಗೆ ಬಂದು ಮಲಗಿದ್ದಾಗ ಒಂದು ಮಧ್ಯಾಹ್ನ ಸೀ ಮೊಂಜಿ ಕಿತ್ತಳೆ ಹಿಡಿದುಕೊಂಡು ನೋಡಲು ಬಂದರು. ಸೊರಗಿದ್ದರು. ಹಾಸಿಗೆಯ ಪಕ್ಕ ಕೂತು ನೋವು ಹೇಗಿದೆ, ಊಟ ಸೇರುತ್ತದೆಯೇ ಎಂದೆಲ್ಲ ಕೇಳಿದರು. ಹಾಗೇ ಅವರ ಕಣ್ಣು ನನ್ನ ತಲೆದಿಂಬಿನ ಬಳಿಯ ಸ್ಟೂಲಿನ ಮೇಲೆ ಹೋಯಿತು. ಅಲ್ಲಿ ನನ್ನ ಮಾತ್ರೆ ಪಟ್ಟಿಗಳಿದ್ದವು.

ನಾನು ಕಾದೆ. ಸುಳ್ಳೇಕೆ ಹೇಳಲಿ, ಆಸೆಯಿಂದಲೇ ಕಾದೆ. ಹೊಲಿಗೆ ಉರಿಯುತ್ತಿತ್ತು, ಮಾತ್ರೆ ಮೈಗೆ ಹತ್ತುತ್ತಿರಲಿಲ್ಲ, ಆ ಬಾಯಿಂದ ಆ ಮಾತು ಬಂದರೆ ಸಾಕು ಅನ್ನಿಸಿತ್ತು.

ಅವರ ಬಾಯಿ ತೆರೆಯಿತು. ಮಾತು ಬರಲಿಲ್ಲ. ಮಡಿಲಲ್ಲಿದ್ದ ಬಲಗೈಯ ತೋರುಬೆರಳು ಕೆಂಪು ಗುಂಡಿಯೇ ಇದ್ದ ಹಾಗೆ ತೊಡೆಯ ಮೇಲೆ ಒಮ್ಮೆ ಒತ್ತಿತು.

ಅದನ್ನು ಅವರೂ ನೋಡಿದರು. ಎಡಗೈಯಿಂದ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬರ್ತಿಲ್ಲ ಸಲೂಹಾ," ಎಂದರು. "ಅಮ್ಮ ಹೇಳಿಕೊಟ್ಟಿದ್ದು. ಔಷಧಿ ಕಂಡ್ರೆ ಬೆರಳು ಏಳ್ತದೆ, ಮಾತು ಏಳಲ್ಲ. ಎಷ್ಟು ದಿನದಿಂದ ಹಿಂಗೇ ಆಗಿದೆ. ನಿನ್ನ ಹತ್ರ ಬಂದ್ರಾದ್ರೂ ಬರ್ತದೇನೋ ಅಂತ ಬಂದೆ."

ಹೊಲಿಗೆ ಎಳೆಯುತ್ತಿದ್ದರೂ ಏಳಲು ನೋಡಿದೆ, ಆಗಲಿಲ್ಲ. ಮಲಗಿದಲ್ಲಿಂದಲೇ ಕೈಚಾಚಿ ಅವರ ಬೆರಳನ್ನು ಹಿಡಿದುಕೊಂಡು, ದೇವರೇ ಗುಣ ಮಾಡು, ದೇವರೇ ಇವರಿಗೆ ಗುಣ ಮಾಡು, ಎಂದೆ. ಅವರು ಆಮೀನ್ ಎಂದರು.